ತಿಳಿಯದೆ ಮಾಡಿದ್ದು

ನಾನು ಏಳನೇ ಇಯತ್ತೆ ಕಲಿತವ, ಜತ್ತ ತಾಲೂಕಿನ ನಮ್ಮೂರ ಕನ್ನಡ ಸಾಲಿಯೊಳಗ. ಹೊಲ ಮಾಡುವುದು, ಅಮಾವಾಸ್ಯೆಗೆ ಭಜನೆ ಹಾಡುವುದು ನನ್ನ ಕೆಲಸ, ಬರೆಯುವುದು ಅಲ್ಲ. ವಾಚನಾಲಯದ ಮಾಸ್ತರರು “ಕಾಕಾ, ಕಟ್ಟೀ ಮ್ಯಾಲೆ ಕುಂತು ಮಾತಾಡ್ತೀರಲ್ಲ, ಅದನ್ನ ಹಂಗೇ ಬರೀರಿ” ಅಂದರು. ಬರೆದೀನಿ. ಅಕ್ಷರ ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು. ಆದರೆ ಇದರೊಳಗ ಇನ್ನೊಂದು ತಪ್ಪಿನ ಮಾತು ಅದ. ಅದು ತಪ್ಪು ಹೌದೋ ಅಲ್ಲೋ, ನೀವೇ ಹೇಳಬೇಕು.

ನಮ್ಮಪ್ಪ ನನ್ನ ತಂಗಿಗೆ ಅರಿಷಿಣ ಕುಂಕುಮಕ್ಕಂತ ಎರಡು ಎಕರೆ ಕೊಟ್ಟಿದ್ದ. ಅವಳ ಹೊಲ ನನ್ನ ಹೊಲಕ್ಕೆ ಹತ್ತಿಕೊಂಡೇ ಇದೆ. ನಡುವೆ ಒಂದು ಬದು, ಬದುವಿನ ಮೇಲೆ ಒಂದು ಬೇವಿನ ಗಿಡ. 2016ರಲ್ಲಿ ನನ್ನ ಮಗಳನ್ನು ಅದೇ ತಂಗಿಯ ಮಗನಿಗೆ ಕೊಟ್ಟೆ. ಹುಡುಗ ಒಳ್ಳೆಯವ, ಚಟ ಇಲ್ಲ, ಮಗಳು ಕಣ್ಣೆದುರಿಗೇ ಇರ್ತಾಳ. ಇವೆಲ್ಲ ಖರೆ. ಆದರೆ ಮನಸ್ಸಿನೊಳಗ ಇನ್ನೊಂದಿತ್ತು: ಹೊಲ ಹೊರಗಿನವರ ಪಾಲಾಗಬಾರದು. ನಮ್ಮ ಕಡೆ ಅರ್ಧ ಲಗ್ನ ಹಿಂಗೇ ಆಗತಾವ. ನಮ್ಮಪ್ಪ ನಮ್ಮವ್ವನೂ ಬಳಗದವರೇ.

2018ರಲ್ಲಿ ಮೊಮ್ಮಗಳು ಹುಟ್ಟಿದಳು. ಆರು ತಿಂಗಳಿಗೆ ನಗುವುದೇನು, ಮಂದೀನ್ನ ಗುರುತು ಹಿಡಿಯುವುದೇನು! ಹಿಡಿದು ಕೂಡಿಸಿದರೆ ಕೂಡುತ್ತಿದ್ದಳು. ವರ್ಷ ತುಂಬಿತು, ಒಂದೂವರೆ ವರ್ಷ ಆಯಿತು, ಕಾಲು ನೆಲಕ್ಕೆ ಊರಲಿಲ್ಲ. ಊರಿನವರು “ಹೆಣ್ಣ ಕೂಸು, ತಡ ಆಗತದ” ಅಂದರು. ಗುಡ್ಡಾಪುರದ ದಾನಮ್ಮಗೆ ಹರಕೆ ಹೊತ್ತೆವು, ನಡಕೊಂಡು ಹೋಗಿ ಬಂದೆವು. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ದೇವಿ ನಮ್ಮಿಂದ ರೊಕ್ಕ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡವ ಬೇರೆ. ಎಣ್ಣೆ ತಿಕ್ಕಿ, ಪುಡಿ ತಿನಿಸಿ ಮೂರು ತಿಂಗಳಿನಾಗ ನಡೆಸ್ತೀನಿ ಅಂದ ಒಬ್ಬ ವೈದ್ಯ ನಲವತ್ತು ಸಾವಿರ ತೊಗೊಂಡ. ಹಾದಿ ಕಾಣದವನಿಗೆ ಯಾರು ಕೈಬೀಸಿದರೂ ದಾರಿಯೇ ಅನಸ್ತದ. ಅಂಥಲ್ಲಿ ಹೋದ ತಾಯಿ ತಂದೆಗೆ “ನಿಮಗ ಬುದ್ಧಿ ಇಲ್ಲೇನು” ಅಂತ ಅನ್ನಬಾರದು. ಅನ್ನುವವರ ಕೂಸು ನಡೀತಿರತದ.

ಕಡೆಗೆ ಸೊಲ್ಲಾಪುರ, ಆಮೇಲೆ ಮಿರಜ, ಆಮೇಲೆ ಮುಂಬೈ. ಮಿರಜಿನ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆ ಬಡಿದು ನೋಡಿದರು, ಕಾಲು ಜಗ್ಗಲಿಲ್ಲ. ನಾಲಿಗೆ ತೆಗೆಸಿ ನೋಡಿದರು. ರಕ್ತ ಪರೀಕ್ಷೆಗೆ ಕಳಿಸಿದರು. 2020ರ ಮೊದಲಿಗೆ ಹೆಸರು ಸಿಕ್ಕಿತು: ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಸಣ್ಣ ಹೆಸರು ಎಸ್‌ಎಂಎ, ಅದರೊಳಗ ಎರಡನೇ ಬಗೆ. ಬೆನ್ನು ಹುರಿಯೊಳಗಿನ ನರಗಳು ಸ್ನಾಯುಗಳಿಗೆ ಹುಕುಂ ಕೊಡತಾವ. ಆ ನರ ಬದುಕಿರಲಿಕ್ಕೆ ಒಂದು ಪ್ರೋಟೀನ ಬೇಕು. ಅದನ್ನ ಮಾಡುವ ಜೀನ ಈ ಕೂಸುಗಳೊಳಗ ಕೆಟ್ಟಿರತದ. ನರ ಸಾಯತಾವ, ಸ್ನಾಯು ಸೊರಗತದ. ಬುದ್ಧಿಗೆ ಏನೂ ಆಗೂದಿಲ್ಲ. ಎರಡನೇ ಬಗೆಯವರು ಕೂಡತಾರ, ತಮ್ಮ ಕಾಲ ಮೇಲೆ ನಡೆಯೂದಿಲ್ಲ. ಬೆನ್ನು ಬಾಗತದ, ಕೆಮ್ಮಲಿಕ್ಕೆ ಶಕ್ತಿ ಸಾಲೂದಿಲ್ಲ, ನೆಗಡಿ ಎದೆಗೆ ಇಳಿದರೆ ಜೀವಕ್ಕೆ ಬರತದ.

ಎಲ್ಲಿಂದ ಬಂತು ಅಂತ ಡಾಕ್ಟರು ಕಾಗದದ ಮೇಲೆ ಗುಂಡುಗುಂಡಾಗಿ ತೆಗೆದು ತೋರಿಸಿದರು. ನಾನು ಜೋಳದ ಲೆಕ್ಕದಾಗ ತಿಳಕೊಂಡೆ. ಪ್ರತಿಯೊಬ್ಬರ ಕೈಯೊಳಗೂ ಈ ಜೀನಿನ ಎರಡು ಕಾಳು. ಒಂದು ಗಟ್ಟಿ ಇದ್ದರೆ ಸಾಕು, ಇನ್ನೊಂದು ಜೊಳ್ಳಿದ್ದರೂ ಆ ಮನುಷ್ಯಗ ಏನೂ ಆಗೂದಿಲ್ಲ, ಜೊಳ್ಳು ಇದೆ ಅಂತ ಗೊತ್ತೂ ಆಗೂದಿಲ್ಲ. ಅಪ್ಪನೂ ಅವ್ವನೂ ಒಂದೊಂದು ಕಾಳು ಮಗುವಿನ ಕೈಗೆ ಹಾಕತಾರ. ಇಬ್ಬರೂ ಜೊಳ್ಳನ್ನೇ ಹಾಕಿದರೆ ಇಂಥ ಕೂಸು. ಪ್ರತಿ ಬಸಿರಿನಾಗೂ ನಾಲ್ಕರಲ್ಲಿ ಒಂದು ಸಲದ ಸಂಭವ. ಐವತ್ತು ಮಂದಿಯೊಳಗ ಸುಮಾರು ಒಬ್ಬರ ಹತ್ರ ಈ ಜೊಳ್ಳು ಇರತದಂತ. ಹೊರಗಿನ ಸಂಬಂಧ ಮಾಡಿದವರಿಗೂ ಇಂಥ ಕೂಸು ಹುಟ್ಟತಾವ. ಆದರೆ ಬಳಗದೊಳಗ ಒಂದೇ ಚೀಲದ ಬೀಜ ಎರಡೂ ಮನೆಗೆ ಹಂಚಿಹೋಗಿರತದ. ಜೊಳ್ಳಿಗೆ ಜೊಳ್ಳು ಕೂಡುವುದು ಹೆಚ್ಚು.

ಆಗ ಡಾಕ್ಟರು ಕೇಳಿದರು: “ನಿಮ್ಮ ಮನೆತನದಾಗ ಹಿಂದ ಯಾರಿಗರೆ ಹಿಂಗ ಆಗಿತ್ತೇನ್ರಿ?”

ನಾನು “ಇಲ್ರಿ” ಅಂದೆ.

ನನ್ನ ಬೆನ್ನಿಗೆ ಹುಟ್ಟಿದ ಒಬ್ಬ ತಮ್ಮ ಇದ್ದ. ಕೂಡಿಸಿದಲ್ಲಿ ಕೂಡುತ್ತಿದ್ದ, ನಿಲ್ಲುತ್ತಿರಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡ. ದೃಷ್ಟಿ ತಾಗಿತು ಅಂತ ನಮ್ಮವ್ವ ಅಂದಳು, ಅದನ್ನೇ ಎಲ್ಲರೂ ನಂಬಿದೆವು. ಡಾಕ್ಟರು ಕೇಳಿದಾಗ ಅವನ ನೆನಪು ಬಂದಿತ್ತೋ ಇಲ್ಲೋ? ಬಸ್ಸಿನಾಗ ಬರುವಾಗ ನೆನಪಾಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಖರೆ ಹೇಳ್ತೀನಿ: ಕೇಳಿದ ಕೂಡಲೇ ನೆನಪು ಬಂದಿತ್ತು. ಮಗ್ಗುಲಿಗೆ ಮಗಳು ಕೂತಿದ್ದಳು.

ತಿಳಿಯದೆ ಮಾಡಿದ್ದಕ್ಕೆ ಪಾಪ ಇಲ್ಲ ಅಂತಾರ ಹಿರಿಯರು. ಒಪ್ಪತೀನಿ. 2016ರಲ್ಲಿ ಜೀನು ಜೊಳ್ಳು ನನಗೆ ಗೊತ್ತಿರಲಿಲ್ಲ. ಆದರೆ ತಿಳಿಯದೆ ಇರುವುದಕ್ಕೂ ತಿಳಿಯಲಿಕ್ಕೆ ಮನಸ್ಸಿಲ್ಲದೆ ಇರುವುದಕ್ಕೂ ಫರಕು ಇದೆಯಲ್ಲ? ಮಾಳಿಗೆಯೊಳಗಿನ ಬೀಜಕ್ಕೆ ಹುಳ ಹತ್ತಿದ್ದು ನೆನಪಿದ್ದವ ಬಿತ್ತುವ ಮೊದಲು ಒಂದು ಸಲ ಕೈಯಾಡಿಸಿ ನೋಡತಾನ. ನಾನು ಬೀಜಕ್ಕೆ ನೋಡಿದೆ, ಮಗಳಿಗೆ ನೋಡಲಿಲ್ಲ.

ನಮ್ಮ ಭಜನೆ ಮೇಳದಾಗ ತತ್ವಪದ ಹಾಡುತ್ತೇವೆ. ಶರೀಫ ಸಾಹೇಬರವು, ಕಡಕೋಳ ಮಡಿವಾಳಪ್ಪನವರವು, ಹೆಸರು ಗೊತ್ತಿಲ್ಲದ ಎಷ್ಟೋ ಶರಣರವು. ಮೂವತ್ತು ವರ್ಷದಿಂದ ನಾನು ಏಕತಾರಿ ಹಿಡಿದು ಹಾಡುತ್ತಿದ್ದ ಒಂದು ಪದ ಇತ್ತು. ಹಿಂದಿನ ಜನ್ಮದಾಗ ಮಾಡಿದ್ದನ್ನ ಈ ಜನ್ಮದಾಗ ಉಣಬೇಕು ಅನ್ನುವ ಅರ್ಥದ್ದು. ಒಂದು ಅಮಾವಾಸ್ಯೆ ಅದನ್ನ ಎತ್ತಿದೆ. ಎದುರಿಗೆ ಮಗಳ ತೊಡೆ ಮೇಲೆ ಮೊಮ್ಮಗಳು. ಮಗಳು ತಲೆ ಕೆಳಗ ಹಾಕಿದಳು. ಹಾಡಿದೆ, ಮುಗಿಸಿದೆ, ಮತ್ತೆ ಹಾಡಲಿಲ್ಲ. ಮೇಳದ ಹಿರಿಯರು ಬೈದರು: “ಪದ ಏನ್ ನಿನ್ನ ಸ್ವಂತದ್ದೇನೋ? ಗುರುವಿನ ಮಾತು. ಕೇಳಾವ್ರಿಗೆ ನೋವಾಗತದಂತ ಬಿಡಾಕ ಬರತದೇನು?” ಅವರ ಮಾತಿನಾಗೂ ಹುರುಳಿತ್ತು. ಆದರೆ ನನ್ನ ಅನಸಿಕೆ ಇದು: ಆ ಪದ ಹಾಡುವವ ತನಗೆ ತಾನೇ ಹೇಳಿಕೊಂಡರೆ ಸಮಾಧಾನ. ಇನ್ನೊಬ್ಬರ ಕೂಸಿನ ಮುಂದ ಹೇಳಿದರೆ ಅದು ತೀರ್ಪು ಆಗತದ. ತೀರ್ಪು ಕೊಡಲಿಕ್ಕೆ ನಾನ್ಯಾರು? ಅದರಾಗ ಇಲ್ಲಿ ಹಿಂದಿನ ಜನ್ಮಕ್ಕೆ ಹೋಗುವ ಕೆಲಸವೇ ಇರಲಿಲ್ಲ. ಎರಡು ತಲೆಮಾರು ಹಿಂದ ಹೋದರೆ ಸಾಕಿತ್ತು.

ಇನ್ನು ಔಷಧದ ಮಾತು. 2021ರಲ್ಲಿ ಮುಂಬೈಯ ಒಂದು ಕೂಸಿಗೆ 16 ಕೋಟಿಯ ಇಂಜೆಕ್ಷನ್ ಅಂತ ಪೇಪರಿನಾಗೆಲ್ಲ ಬಂತು, ದೇಶದ ಮಂದಿ ಚಂದಾ ಕೊಟ್ಟರು. ನಮ್ಮದೇ ರೋಗ. ಅಮೆರಿಕದಾಗ ಅದಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕದ್ದು ಎರಡು ವರ್ಷದ ಒಳಗಿನ ಕೂಸುಗಳಿಗೆ. ನಮ್ಮ ಹುಡುಗಿ ಎರಡು ದಾಟಿದ್ದಳು. ಅದೇ ವರ್ಷ ನಮ್ಮ ದೇಶಕ್ಕೆ ಕುಡಿಯುವ ಔಷಧವೂ ಬಂತು, ರಿಸ್ಡಿಪ್ಲಾಮ್ ಅಂತ. ಒಂದು ಬಾಟಲಿಗೆ 6 ಲಕ್ಷದ ಮೇಲೆ. ಕೂಸಿನ ತೂಕ ನೋಡಿ ದಿನಾ ಕುಡಿಸಬೇಕು, ನಮ್ಮವಳಿಗೆ ತಿಂಗಳಿಗೆ ಒಂದು ಬಾಟಲಿ ಸಾಲೂದಿಲ್ಲ, ಮತ್ತು ಜೀವ ಇರುವ ತನಕ ಬಿಡುವ ಹಾಗಿಲ್ಲ. ಅಪರೂಪದ ರೋಗಗಳಿಗಂತ ಕೇಂದ್ರ ಸರಕಾರ 2021ರಲ್ಲಿ ಒಂದು ಧೋರಣೆ ಮಾಡಿತು, 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷದ ತನಕ ಅಂತ ಏರಿಸಿತು. ಭಾಗಾಕಾರ ನೀವೇ ಮಾಡಿರಿ. ಅದು ಒಂದು ವರ್ಷಕ್ಕೂ ಸಾಲೂದಿಲ್ಲ. ಕಾಗದಪತ್ರ ಎಲ್ಲ ಮರಾಠಿ ಇಲ್ಲಾ ಇಂಗ್ಲಿಷು. ಅಳಿಯ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದ. ಅದನ್ನ ಬರೆದರೆ ಈ ಪುಸ್ತಕ ಸಾಲೂದಿಲ್ಲ.

ಆಶ್ಚರ್ಯದ ಮಾತೊಂದು ಹೇಳಲೇ? ಔಷಧ ಕೈಗೆ ಎಟುಕದೇ ಇದ್ದಾಗ ಮನಸ್ಸು ಒಂದು ತರ ಹಗುರಿತ್ತು. 16 ಕೋಟಿ ಅಂದರೆ ಚಂದ್ರ ಇದ್ದಂಗ. ಚಂದ್ರನ್ನ ತರಲಿಲ್ಲ ಅಂತ ಯಾರೂ ಅಪ್ಪನ್ನ ಬೈಯೂದಿಲ್ಲ, ಅಜ್ಜನ್ನೂ ಬೈಯೂದಿಲ್ಲ. 2025ರ ಅಕ್ಟೋಬರಿನಾಗ ದಿಲ್ಲಿ ಹೈಕೋರ್ಟಿನ ಪೇಟೆಂಟ್ ಜಗಳ ಒಂದು ಹಂತಕ್ಕೆ ಬಂದು, ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದೇ ಔಷಧವನ್ನ ಬಾಟಲಿಗೆ 15,900 ರೂಪಾಯಿಗೆ ಹೊರಗೆ ತಂದಿತು. ಕಂಡು ಹಿಡಿದವರು ವರ್ಷಗಟ್ಟಲೆ ದುಡಿದಾರ, ಅವರಿಗೂ ಸಲ್ಲಬೇಕು ಅನ್ನುವುದನ್ನ ನಾನು ಅಲ್ಲಗಳೆಯೂದಿಲ್ಲ. ನಮ್ಮ ತತ್ವಪದಕ್ಕೂ ಕಡೀ ಸಾಲಿನಾಗ ಅಂಕಿತ ಇರತದ, ಕಟ್ಟಿದವರು ಇಂಥವರು ಅಂತ. ಅಂಕಿತ ಇರತದ, ಬೀಗ ಇರೂದಿಲ್ಲ.

ಚಂದ್ರ ಇಳಿದು ಬಂದು ಬದುವಿನ ಬೇವಿನ ಗಿಡದ ಮೇಲೆ ಕೂತಂಗ ಆಯಿತು. ತಿಂಗಳಿಗೆ ಎರಡು ಬಾಟಲಿ ಹಿಡಿದರೂ ವರ್ಷಕ್ಕೆ ಮೂರು ಲಕ್ಷ ಎಂಬತ್ತು ಸಾವಿರ. ಒಂದು ಎಕರೆ ಮಾರಿದರೆ ಕೆಲವು ವರ್ಷ ಕುಡಿಸಬಹುದು. ಈಗ ಪ್ರಶ್ನೆ ಬಂತು.

ಡಾಕ್ಟರು ಸುಳ್ಳು ಹೇಳಲಿಲ್ಲ. “ನಡೀತಾಳ ಅಂತ ಆಸೆ ಇಟ್ಟುಕೋಬ್ಯಾಡ್ರಿ. ಈಗ ಇರೂ ಶಕ್ತಿ ಉಳಿದರೆ ಅದೇ ದೊಡ್ಡದು. ಕೈಗೆ ಸ್ವಲ್ಪ ಕಸುವು ಬಂದರೂ ಬರಬಹುದು” ಅಂದರು. ಹಂಗಾದರೆ ನಡೆಯದ ಕೂಸಿಗೆ ಹೊಲ ಮಾರಬೇಕೇನು ಅಂತ ಊರಾಗ ಮಾತಾಯಿತು. ಹೆಣ್ಣ ಕೂಸು ಬೇರೆ. ಒಬ್ಬರು ಮುಖಕ್ಕೇ ಅಂದರು: “ಗಂಡಾಗಿದ್ರ ಬ್ಯಾರೆ ಮಾತು.” ನಾನು ಅವರ ಜೋಡಿ ಮಾತು ಬಿಟ್ಟೀನಿ.

ನನ್ನ ಮಗನ ಮಾತು ಹಂಗಲ್ಲ. ಅವ ಅಂದ, “ಅಪ್ಪಾ, ನನ್ನವೂ ಎರಡು ಮಕ್ಕಳು. ಬೋರಿಗೆ ನೀರಿಲ್ಲ, ದಾಳಿಂಬೆ ಕೈ ಕೊಟ್ಟೈತಿ. ಒಂದು ಎಕರೆ ಮುಗಿದ ಮ್ಯಾಲೆ ಇನ್ನೊಂದು ಎಕರೆ ಅಂತಿ. ಎಲ್ಲಿಗೆ ನಿಲ್ಲತಿ?” ಅವ ಕೆಟ್ಟವ ಅಲ್ಲ. ತಂಗಿಯ ಕೂಸನ್ನ ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವನೇ ಅವ. ಅವನ ಪ್ರಶ್ನೆಗೆ ನನ್ನ ಹತ್ರ ಇವತ್ತಿಗೂ ಪೂರಾ ಉತ್ತರ ಇಲ್ಲ. ಎಲ್ಲಿಗೆ ನಿಲ್ಲಬೇಕು ಅನ್ನುವುದು ಗೊತ್ತಿಲ್ಲ ಅಂತ ಹೆಜ್ಜೆಯನ್ನೇ ಇಡಬಾರದೇನು, ಅಷ್ಟೇ ಕೇಳಿದೆ. ಅವ ಎದ್ದು ಹೊಲಕ್ಕೆ ಹೋದ.

ಅವತ್ತು ರಾತ್ರಿ ಮಗಳನ್ನ, ಅಳಿಯನ್ನ ಕೂಡಿಸಿಕೊಂಡು ತಮ್ಮನ ಸಂಗತಿ ಹೇಳಿದೆ. ಡಾಕ್ಟರ ಮುಂದ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಎರಡನೇ ಬಸಿರಿನಾಗ ಅವಳು ಪರೀಕ್ಷೆ ಮಾಡಿಸಿ, ಉತ್ತರ ಬರುವ ತನಕ ಅನ್ನ ಬಿಟ್ಟು ಕೂತದ್ದು ನನ್ನ ಕಣ್ಣ ಮುಂದ ಬಂತು. ಆ ಹುಡುಗ ಚೊಲೋ ಇದ್ದಾನ. ಮಗಳು ಅಂದದ್ದು ಇಷ್ಟೇ: “ಲಗ್ನಕ್ಕಿಂತ ಮೊದಲ ಹೇಳಿದ್ರ ನಾ ಏನ್ ಮಾಡ್ತಿದ್ನೋ ಗೊತ್ತಿಲ್ಲಪ್ಪಾ. ಆದ್ರ ಇಕಿ ಇಲ್ಲದ ಮನಿ ಹೆಂಗಿರತಿತ್ತು ಅನ್ನೂದು ಈಗ ನನಗ ವಿಚಾರ ಮಾಡಾಕ ಆಗೂದಿಲ್ಲ.”

ಅಳಿಯ ನೇರ ಮನುಷ್ಯ. “ಮಾವಾ, ಪ್ರಾಯಶ್ಚಿತ್ತ ಅಂತ ಹೊಲ ಮಾರತೀದಿ ಅಂದ್ರ ಬ್ಯಾಡ. ನಾಳೆ ನಿನ್ನ ಪಾಪ ತೀರಿತು ಅನಿಸಿದ ದಿನ ಔಷಧನೂ ನಿಂತೀತು. ಕೂಸಿಗೆ ಬೇಕು ಅಂತ ಕೊಡ್ತಿ ಅಂದ್ರ ಕೊಡು” ಅಂದ. ಅವ ಹನ್ನೆರಡನೇತ್ತೆ ಕಲಿತಾನ. ಆದರೆ ಈ ಮಾತು ಯಾವ ಸಾಲಿಯೊಳಗ ಕಲಿಸಿದರೋ.

ಆ ಮಾತು ನನ್ನನ್ನ ನಾಲ್ಕು ದಿನ ಮಲಗಗೊಡಲಿಲ್ಲ. ನಾನು ಯಾಕೆ ಕೊಡತಾ ಇದ್ದೀನಿ? ಮನಸ್ಸು ತೊಳಕೊಳ್ಳಲಿಕ್ಕೆ ಕೊಟ್ಟದ್ದೂ ರೊಕ್ಕವೇ, ಪ್ರೀತಿಗೆ ಕೊಟ್ಟದ್ದೂ ರೊಕ್ಕವೇ. ಔಷಧದ ಅಂಗಡಿಯವನಿಗೆ ಎರಡೂ ಒಂದೇ. ಆದರೆ ಕುಡಿಯುವ ಕೂಸಿಗೆ ಒಂದೇ ಅಲ್ಲ. ಪಾಪಕ್ಕೆ ಕೊಡುವವ ಕೂಸಿನ ಮುಖ ನೋಡಿದಾಗೆಲ್ಲ ತನ್ನ ತಪ್ಪನ್ನೇ ನೋಡತಾನ. ಐದು ವರ್ಷ ನಾನು ಹಂಗೇ ನೋಡಿದ್ದೆ. ಅವಳು “ಅಜ್ಜಾ” ಅಂತ ಕರೆದರೆ ಕಣ್ಣು ತಪ್ಪಿಸುತ್ತಿದ್ದೆ.

ಬದುವಿನ ಆಚೆಯ ತಂಗಿಯ ಪಾಲಿನಿಂದ ಇಪ್ಪತ್ತು ಗುಂಟೆ, ಈಚೆ ನನ್ನ ಪಾಲಿನಿಂದ ಇಪ್ಪತ್ತು ಗುಂಟೆ, ಕೂಡಿಸಿ ಒಂದು ಎಕರೆ ಮಾರಿದೆವು. ಸಾತ್‌ಬಾರಾದ ಮೇಲೆ ಬೇರೆಯವರ ಹೆಸರು ಬಂತು. ಹೊಲ ಹೊರಗ ಹೋಗಬಾರದಂತ ಮಾಡಿದ ಲಗ್ನ! ತಲಾಠಿಯ ಮುಂದ ಸಹಿ ಮಾಡುವಾಗ ನನಗೂ ತಂಗಿಗೂ ಒಂದೇ ಸಲ ನಗು ಬಂತು, ಯಾಕಂತ ಯಾರಿಗೂ ಹೇಳಲಿಲ್ಲ. ಮಗ ಸಹಿ ಮಾಡಿದ. ಸಂತೋಷದಿಂದ ಮಾಡಿದ ಅಂತ ನಾನು ಬರೆಯೂದಿಲ್ಲ.

ಔಷಧವನ್ನ ತಂಪಿನಾಗೇ ಇಡಬೇಕು. ಸಾಂಗಲಿಯಿಂದ ಬರ್ಫದ ಡಬ್ಬಿಯೊಳಗ ಇಟ್ಟುಕೊಂಡು ಎಸ್‌ಟಿ ಬಸ್ಸಿನಾಗ ಅಳಿಯ ತರತಾನ. ನಮ್ಮ ವಸ್ತಿಯೊಳಗ ಕರೆಂಟಿನ ಭರವಸೆ ಇಲ್ಲ, ಹೀಗಾಗಿ ಇನ್ವರ್ಟರ್ ಇರುವ ಸಾಲಿ ಬಾಯಾರ ಮನೆ ಫ್ರಿಜ್ಜಿನಾಗ ಬಾಟಲಿ ಇರತದ. ಅವರೇ ಸಾಲಿಯ ಮೆಟ್ಟಿಲಿಗೆ ಇಳಿಜಾರು ಮಾಡಿಸಿದವರು. ಯಾರದೋ ಮನೆ ಕಟ್ಟಿ ಉಳಿದ ಸಿಮೆಂಟು, ಗೌಂಡಿ ಪುಕ್ಕಟೆ. ಅದಕ್ಕಿಂತ ಮೊದಲು ಎರಡು ವರ್ಷ ಅವಳನ್ನ ದಿನಾ ಎತ್ತಿಕೊಂಡು ಒಳಗ ಕೂಡಿಸಿದವರೂ ಅವರೇ. ಈಗ ಅವಳಿಗೆ ಏಳು ವರ್ಷ, ಎರಡನೇ ಇಯತ್ತೆ. ಪಾಢೆ ಇಪ್ಪತ್ತರ ತನಕ ಬಾಯಿಪಾಠ. ಉಸಿರು ಸಾಲದೆ ಹತ್ತರ ಮಗ್ಗಿಗೆ ಒಂದು ಸಲ ನಿಂತು ದಮ್ಮು ತೊಗೊಂಡು ಮುಂದೆ ಹೋಗತಾಳ.

ಹೋದ ಅಮಾವಾಸ್ಯೆ ಭಜನೆಗೆ ನನ್ನ ಮಗ್ಗುಲಿಗೇ ಕೂತಿದ್ದಳು, ಬೆನ್ನಿಗೆ ದಿಂಬು. ಬೆರಳಿನಿಂದ ತೊಡೆ ಮೇಲೆ ತಾಳ ಹಾಕತಿದ್ದಳು. ಭಜನೆ ಮುಗಿದ ಮೇಲೆ ತಮ್ಮನ ಮಾತು ತೆಗೆದಳು. ಅವರವ್ವ ಹೇಳಿದ್ದಳಂತ.

“ಅಜ್ಜಾ, ನಿನ್ನ ತಮ್ಮ ಅಂದ್ರ ನನಗ ಅಜ್ಜ ಆಗಬೇಕಲ್ಲ?”

“ಹೌದವ್ವಾ.”

“ನಾಲ್ಕು ವರ್ಷದ ಅಜ್ಜ!” ಅಂತ ನಕ್ಕಳು. ನಕ್ಕು, ದಮ್ಮು ತೊಗೊಂಡು, “ಹೆಸರೇನು ಅವರದು?” ಅಂದಳು.

ನನಗೆ ನೆನಪಿಲ್ಲ. ಮನೆಯೊಳಗ ಅವನ ಹೆಸರು ಎತ್ತುವುದನ್ನ ನಮ್ಮವ್ವ ಬಿಟ್ಟಿದ್ದಳು, ಹಿಂಗೇ ಎಲ್ಲರೂ ಬಿಟ್ಟೆವು. ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಡತಿದ್ರೇನು?” ಅಂತ ಕೇಳಿದಳು.

“ಹಾಡತಿದ್ದಿಲ್ಲ. ಅವ್ವ ರೊಟ್ಟಿ ಬಡಿಯುವಾಗ ತಾನೂ ತಾಟು ಬಡೀತಿದ್ದ” ಅಂದೆ.