ಸಬ್ರಹ್ಮಚಾರಿಯ ಒಂದು ದಿನ

ಧರ್ಮಶಾಸ್ತ್ರಕಾರರು ಮರಣಾಶೌಚವನ್ನು ವಿಧಿಸುವಾಗ ರಕ್ತಸಂಬಂಧವನ್ನು ಮಾತ್ರವೇ ಲೆಕ್ಕಕ್ಕೆ ಹಿಡಿದವರಲ್ಲ. ಸಪಿಂಡರಿಗೆ ಹತ್ತು ದಿನಗಳೆಂದ ಮನುವು ಅದೇ ಐದನೆಯ ಅಧ್ಯಾಯದಲ್ಲಿ ಆಚಾರ್ಯನು ತೀರಿಕೊಂಡರೆ ಮೂರು ರಾತ್ರಿಗಳೆಂದೂ, ಶಿಷ್ಯನಾಗಲಿ ಋತ್ವಿಜನಾಗಲಿ ತೀರಿಕೊಂಡರೆ ಪಕ್ಷಿಣೀ, ಅಂದರೆ ನಡುವಣ ರಾತ್ರಿಯೊಡಗೂಡಿದ ಎರಡು ಹಗಲುಗಳೆಂದೂ, ಸಬ್ರಹ್ಮಚಾರಿಯು, ಅಂದರೆ ಒಬ್ಬನೇ ಗುರುವಿನ ಬಳಿ ಕೂಡಿ ಓದಿದವನು, ತೀರಿಕೊಂಡರೆ ಒಂದು ದಿನವೆಂದೂ ಹೇಳಿದ್ದಾನೆ. ಈ ಕೊನೆಯದನ್ನು ಆಚರಿಸುವವರು ಈಗ ವಿರಳ; ಇಂತಹುದೊಂದು ಉಂಟೆಂದು ಬಲ್ಲವರೂ ವಿರಳರೇ. ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯುಂಟು. ರಣರಂಗದಲ್ಲಿ ಎತ್ತಿದ ಶಸ್ತ್ರಗಳಿಂದ ಕ್ಷತ್ರಧರ್ಮದಂತೆ ಹತನಾದವನಿಗೆ ಯಜ್ಞವು ಆ ಕ್ಷಣದಲ್ಲಿಯೇ ಪೂರ್ಣವಾಗುವುದು, ಆಶೌಚವೂ ಒಡನೆಯೇ ಮುಗಿಯುವುದು. ಹಾಗಾದರೆ ಸಹಪಾಠಿಯೂ ಸೈನಿಕನೂ ಆಗಿದ್ದವನೊಬ್ಬನು ಹೋದಾಗ ಉಳಿದವರಿಗೆ ಎಷ್ಟು ಉಳಿಯಿತು? ಒಂದು ದಿನವೇ, ಏನೂ ಇಲ್ಲವೇ?

ಇದು ಬರಿಯ ವಾಕ್ಯಾರ್ಥಗೋಷ್ಠಿಯ ಪ್ರಶ್ನೆಯಲ್ಲ. ಹೋದ ವರ್ಷದ ಆಷಾಢಮಾಸದಲ್ಲಿ ನನ್ನ ಸಹಪಾಠಿಯೊಬ್ಬನು ಕಾಲವಶನಾದನು. ಸಂಸ್ಕೃತ ಪಾಠಶಾಲೆಯಲ್ಲಿ ಏಳು ವರ್ಷಗಳ ಕಾಲ ಒಂದೇ ಚಾಪೆಯ ಮೇಲೆ ಕುಳಿತು ಅಮರವನ್ನೂ ಶಬ್ದವನ್ನೂ ಬಾಯಿಪಾಠ ಮಾಡಿದವರು ನಾವು. ನಾನು ಉಪಾಧ್ಯಾಯನಾದೆನು, ಅವನು ಸೈನ್ಯಕ್ಕೆ ಸೇರಿದನು. ಪಾಠಶಾಲೆಯ ವಿದ್ಯಾರ್ಥಿಗೆ ಸೈನ್ಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಭೂಸೇನೆಯಲ್ಲಿ ಧರ್ಮಗುರುಗಳೆಂಬ ಒಂದು ವರ್ಗವುಂಟು. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧಭಿಕ್ಷು ಎಂದು ಆಯಾ ಮತದವರನ್ನು ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ; ಸೇರುವಾಗಲೇ ನಾಯಬ್ ಸುಬೇದಾರನ ಪದವಿ. ಪೂಜೆ ಪ್ರವಚನಗಳಷ್ಟೇ ಅವರ ಕೆಲಸವಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುವುದು, ಶಿಕ್ಷೆ ಅನುಭವಿಸುತ್ತಿರುವ ಸಿಪಾಯಿಯನ್ನು ಹೋಗಿ ಕಾಣುವುದು, ಸತ್ತವರ ಅಂತ್ಯಕ್ರಿಯೆಯಲ್ಲಿ ನಿಲ್ಲುವುದು ಇವೂ ಅವರಿಗೆ ವಿಧಿಸಿದ ಕರ್ತವ್ಯಗಳೇ. ನನ್ನ ಸಹಪಾಠಿಯು ಹೀಗೆ ಸೇವೆಮಾಡಿ, ಸುಬೇದಾರನಾಗಿ ನಿವೃತ್ತನಾಗಿ, ತನ್ನ ಮನೆಯಲ್ಲಿ ತನ್ನ ಹಾಸಿಗೆಯ ಮೇಲೆಯೇ ಕಣ್ಣು ಮುಚ್ಚಿದನು. ಶಸ್ತ್ರದಿಂದ ಹತನಾದವನಲ್ಲವಾದ್ದರಿಂದ ಎರಡನೆಯ ವಿಧಿಯು ಅವನಿಗೆ ಸಲ್ಲದು. ದೆಹಲಿಯಲ್ಲಿ ೨೦೧೯ರಲ್ಲಿ ಕಟ್ಟಿ ಮುಗಿಸಿದ ರಾಷ್ಟ್ರೀಯ ಯುದ್ಧಸ್ಮಾರಕದ ಕಲ್ಲುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಹೆಸರುಗಳಿವೆಯಷ್ಟೆ. ಅಲ್ಲಿ ಅವನ ಹೆಸರಿಲ್ಲ, ಇರತಕ್ಕದ್ದೂ ಅಲ್ಲ. ಆದುದರಿಂದ ನನ್ನ ಪಾಲಿಗೆ ಬಂದದ್ದು ಮೊದಲನೆಯ ವಿಧಿ, ಆ ಒಂದು ದಿನ.

ಒಂದು ದಿನವೆಂಬುದು ಶೋಕದ ಅಳತೆಯಲ್ಲ. ಶೋಕಕ್ಕೆ ಅಳತೆ ಹೇಳುವಷ್ಟು ಅರಸಿಕರು ನಮ್ಮ ಹಿಂದಿನವರಾಗಿರಲಿಲ್ಲ. ಆಶೌಚವೆಂದರೆ ಮೃತನೊಡನೆ ನಮಗೆ ಒಂದು ನಂಟುಂಟೆಂದು ನಾಲ್ವರ ಎದುರಿಗೆ ಒಪ್ಪಿಕೊಳ್ಳುವುದು. ಕೂಡಿ ಓದಿದ್ದೂ ಒಂದು ನಂಟೆಂದು ಶಾಸ್ತ್ರವು ಒಪ್ಪಿತು. ಕಾವ್ಯಪುರಾಣಗಳಲ್ಲಿ ಪ್ರಸಿದ್ಧರಾದ ಸಹಪಾಠಿಗಳು ಎರಡು ಜೊತೆ, ದ್ರೋಣ-ದ್ರುಪದರು ಮತ್ತು ಕೃಷ್ಣ-ಕುಚೇಲರು. ಎರಡೂ ಕಡೆಯಲ್ಲಿ ಕಥೆಯು ಇರುವಾಗ ಕೊಟ್ಟದ್ದು, ಕೊಡದೆ ಹೋದದ್ದು ಇವುಗಳ ಸುತ್ತ ತಿರುಗುವುದೇ ಹೊರತು, ಹೋದ ಮೇಲೆ ಸಲ್ಲಿಸತಕ್ಕದ್ದನ್ನು ಹೇಳುವುದಿಲ್ಲ. ಅದನ್ನು ನಾವೇ ಯೋಚಿಸಿಕೊಳ್ಳಬೇಕಾಗಿದೆ.

ಅವನು ಹೋದ ಮೇಲೆ ಊರಿನಲ್ಲಿ ಒಂದು ಸಂತಾಪಸಭೆ ನಡೆಯಿತು. ಭಾವಚಿತ್ರಕ್ಕೆ ಹಾರ ಹಾಕಿದರು, ಧ್ವಜವನ್ನೂ ಇರಿಸಿದರು. ಮಾತನಾಡಿದವರು ನಾಲ್ವರು, ನಾಲ್ವರೂ ಸಜ್ಜನರು. ಅವನು ಹುಟ್ಟಿನಿಂದಲೇ ಸಿಂಹ, ಭಯವೆಂಬುದನ್ನೇ ಅರಿಯದವನು ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಅವರಾರೂ ಅವನನ್ನು ಬಾಲ್ಯದಲ್ಲಿ ಕಂಡವರಲ್ಲ.

ಕಂಡವರು ನಾವು. ಪಾಠಶಾಲೆಯಿದ್ದ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಮಂತ್ರ ಹೇಳಲಿಕ್ಕೂ ಹೆಗಲು ಕೊಡಲಿಕ್ಕೂ ವಿದ್ಯಾರ್ಥಿಗಳನ್ನು ಕರೆಯುವುದು ವಾಡಿಕೆ. ಕರೆ ಬಂದ ಕೂಡಲೇ ಅವನು ಮಾಯ. ಅಡಿಗೆಮನೆಯ ಹಿಂದಿನ ಕಣಜದ ಮರೆಯಲ್ಲಿ, ಮೊಣಕಾಲ ಮೇಲೆ ತಲೆಯಿಟ್ಟು, ಹೊರಗಿನಿಂದ ನಾವು ಸ್ನಾನ ಮಾಡಿ ಬರುವ ತನಕ ಕುಳಿತಿರುತ್ತಿದ್ದನು. ಹೆಣವೆಂದರೆ ಅವನಿಗೆ ಅಷ್ಟು ಭಯ. ಒಮ್ಮೆ ಗುರುಗಳು ಕೈಹಿಡಿದು ಕರೆದುಕೊಂಡುಹೋದಾಗ ದಾರಿಯಲ್ಲಿಯೇ ಮೂರ್ಛೆಹೋದನು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯಿದೆಯಲ್ಲವೆ? ಅಡಿಗೆಮನೆಯ ಹಿಂದೆ ಸಿಕ್ಕಿದವನಿಗೆ ನಾವು ಉತ್ತರನೆಂದೇ ಹೆಸರಿಟ್ಟೆವು. ಪಾಠಶಾಲೆ ಬಿಡುವವರೆಗೂ ಅವನು ಉತ್ತರನೇ. ಹುಡುಗರಲ್ಲಿ ಕರುಣೆ ಕಡಿಮೆ.

ಇದನ್ನು ಸಭೆಯಲ್ಲಿ ಹೇಳಬೇಕಾಗಿತ್ತೇ? ಸತ್ತವನ ವಿಷಯದಲ್ಲಿ ಪ್ರಿಯವನ್ನೇ ಆಡಬೇಕು, ಮನೆಯವರ ಮನಸ್ಸು ನೋಯಿಸಬಾರದು ಎಂದು ಹಿರಿಯರು ಹೇಳುವುದರಲ್ಲಿ ನ್ಯಾಯವುಂಟು. ಅವನ ವೃದ್ಧಳಾದ ತಾಯಿ ಎದುರಿನ ಸಾಲಿನಲ್ಲಿ ಕುಳಿತಿದ್ದರು. ನಾನು ಅಂದು ಮಾತನಾಡಲಿಲ್ಲ, ಮಾತನಾಡದೆ ಇದ್ದುದು ಸರಿಯೆಂದೇ ಈಗಲೂ ನನ್ನ ಮತ. ಆದರೆ ಪ್ರಿಯವೆಂದುಕೊಂಡು ಆಡಿದ ಆ ಮಾತು ನಿಜವಾಗಿ ಪ್ರಿಯವೇ ಎಂಬುದು ಬೇರೆಯ ಪ್ರಶ್ನೆ. ಭಯವನ್ನೇ ಅರಿಯದವನು ಹೆಣಗಳ ನಡುವೆ ನಿಂತರೆ ಅದರಲ್ಲಿ ಅವನದೆಂಬುದು ಏನು? ಕಲ್ಲು ಮಳೆಯಲ್ಲಿ ನಿಂತಂತೆ. ಭಯವನ್ನು ಅವನಿಂದ ಕಿತ್ತುಕೊಂಡವರು ಅವನು ಸಂಪಾದಿಸಿದ್ದೆಲ್ಲವನ್ನೂ ಕಿತ್ತುಕೊಂಡಂತೆಯೇ ಆಯಿತು.

ಹೆಸರಿನ ಉತ್ತರನಿಗೂ ಲೋಕವು ಹೀಗೆಯೇ ಅನ್ಯಾಯ ಮಾಡಿದೆ, ಆದರೆ ತಿರುಗುಮುರುಗಾಗಿ. ಗೋಗ್ರಹಣದಲ್ಲಿ ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಹುಡುಗನನ್ನು ಎಲ್ಲರೂ ಬಲ್ಲರು. ತಾಳಮದ್ದಳೆಯಲ್ಲಿ ಆ ಪ್ರಸಂಗಕ್ಕೆ ನಗದವರಿಲ್ಲ. ಅದೇ ಉತ್ತರನು ಕುರುಕ್ಷೇತ್ರದ ಮೊದಲನೆಯ ದಿನವೇ ಆನೆಯನ್ನೇರಿ ಶಲ್ಯನ ಮೇಲೆ ನುಗ್ಗಿದನು, ಆ ಆನೆಯು ಶಲ್ಯನ ರಥದ ನಾಲ್ಕು ಕುದುರೆಗಳನ್ನೂ ಕೊಂದಿತು, ಬಳಿಕ ಶಲ್ಯನು ಎಸೆದ ಶಕ್ತ್ಯಾಯುಧದಿಂದ ಅವನು ಆನೆಯ ಹೆಗಲಿನಿಂದ ಉರುಳಿ ಸತ್ತನು ಎಂಬುದು ಭೀಷ್ಮಪರ್ವದಲ್ಲಿದ್ದರೂ ಅದನ್ನು ನೆನೆಯುವವರು ಬೆರಳೆಣಿಕೆಯವರು. ಓಡಿದ ಉತ್ತರನನ್ನು ಇಟ್ಟುಕೊಂಡು ಸತ್ತ ಉತ್ತರನನ್ನು ಬಿಟ್ಟೆವು. ನಮ್ಮ ಸೈನಿಕರ ವಿಷಯದಲ್ಲಿ ಸತ್ತವನನ್ನು ಇಟ್ಟುಕೊಂಡು ಓಡಿದ ಹುಡುಗನನ್ನು ಬಿಡುತ್ತೇವೆ. ವ್ಯಾಸರು ಮಾತ್ರ ಎರಡನ್ನೂ ಬರೆದರು.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೋಡಿರಿ. ಸಾಧಾರಣವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕಲ್ಲುಕುಟಿಗರು ಉದಾರಿಗಳು, ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯೊಂದರ ಹೆಸರನ್ನು ಕೂಡ ಉಳಿಸಿದ್ದಾರೆ. ಆದರೆ ಕಾದಾಟಕ್ಕೆ ಮುಂಚಿನದೊಂದು ಅಂತಸ್ತನ್ನು ಯಾವ ಕಲ್ಲಿನಲ್ಲಿಯೂ ನಾನು ಕಂಡಿಲ್ಲ. ಆ ಅಂತಸ್ತಿನ ವೃತ್ತಾಂತ ದಂಡಿನ ದಫ್ತರದಲ್ಲಿಲ್ಲ, ಹೆಂಡತಿ ಮಕ್ಕಳಿಗೂ ಗೊತ್ತಿಲ್ಲ. ಗೊತ್ತಿರುವುದು ಕೂಡಿ ಓದಿದವರಿಗೆ ಮಾತ್ರ. ಶಾಸ್ತ್ರವು ಸಬ್ರಹ್ಮಚಾರಿಗೆ ಕೊಟ್ಟ ಒಂದು ದಿನದಲ್ಲಿ ಮಾಡತಕ್ಕ ಕೆಲಸವು ಇದೇ ಇರಬೇಕೆಂದು ನನಗೆ ತೋರುತ್ತದೆ.

೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಅವನು ಮುಂಚೂಣಿಯ ಸಮೀಪದಲ್ಲಿದ್ದನು. ಮೇ ತಿಂಗಳಿನಿಂದ ಜುಲೈ ತಿಂಗಳವರೆಗೆ ನಡೆದ ಆ ಯುದ್ಧದಲ್ಲಿ ನಮ್ಮವರು ಐನೂರಕ್ಕೂ ಹೆಚ್ಚು ಮಂದಿ ಮಡಿದರು. ಅದಕ್ಕೆ ಮುಂಚಿನ ಯುದ್ಧಗಳಲ್ಲಿ ಸತ್ತವರನ್ನು ಹೆಚ್ಚಾಗಿ ಅಲ್ಲಿಯೇ ದಹಿಸಿ, ಮನೆಗೆ ತಂತಿ ಕಳುಹಿಸುತ್ತಿದ್ದರು. ಈ ಸಲ ಪೆಟ್ಟಿಗೆಗಳಲ್ಲಿಟ್ಟು ವಿಮಾನದಲ್ಲಿ ಅವರವರ ಊರಿಗೆ ಕಳುಹಿಸಿಕೊಟ್ಟರು. ಪೆಟ್ಟಿಗೆ ಮುಚ್ಚುವ ಮೊದಲು ಮುಖ ಒರೆಸಿ, ತುಳಸಿಯನ್ನಿಟ್ಟು, ಎರಡು ಮಂತ್ರ ಹೇಳುವ ಕೆಲಸ ಕಣಜದ ಮರೆಯಲ್ಲಿ ಅಡಗುತ್ತಿದ್ದ ಈ ಹುಡುಗನಿಗೆ ಬಂದಿತು. ಎಷ್ಟು ಮುಖಗಳೆಂದು ಅವನು ಎಂದೂ ಹೇಳಲಿಲ್ಲ. ನಿವೃತ್ತನಾದ ಮೇಲೆ ಒಂದು ಸಂಜೆ ಕೆರೆಯ ಏರಿಯ ಮೇಲೆ ನಾನೇ ಕೇಳಿದೆನು: "ಅಲ್ಲಯ್ಯಾ, ನಿನಗಿದ್ದ ಆ ಭಯ ಯಾವಾಗ ಹೋಯಿತು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿಲ್ಲ ಕಣೋ. ಮುಖ ಒರೆಸುವಾಗ ಕೈ ನಡುಗುತ್ತಲೇ ಇತ್ತು. ಅವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಒರೆಸುವವರು ಬೇರೆ ಯಾರಿದ್ದರು?" ಎಂದನು. ಅಷ್ಟೇ ಹೇಳಿ ಎಮ್ಮೆಗಳು ನೀರಿನಿಂದ ಏಳುವುದನ್ನು ನೋಡುತ್ತ ಕುಳಿತನು.

ಮಹಾಲಯಪಕ್ಷದಲ್ಲಿ ಅವನು ಆ ಹುಡುಗರಿಗೂ ತರ್ಪಣ ಕೊಡುತ್ತಿದ್ದನೆಂದು ಅವನ ಮಗನು ನನಗೆ ತಿಳಿಸಿದನು. ಹೆಸರುಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದನು. ಗೋತ್ರ ತಿಳಿಯದವರಿಗೆ ಕಾಶ್ಯಪಗೋತ್ರವನ್ನು ಹೇಳುವುದು ರೂಢಿಯಾದ್ದರಿಂದ ಅವರೆಲ್ಲರೂ ಅವನ ಪುಸ್ತಕದಲ್ಲಿ ಕಾಶ್ಯಪರೇ. ಅವರ ಜಾತಿ ಯಾವುದು, ಅಧಿಕಾರವುಂಟೆ ಇಲ್ಲವೆ ಎಂದು ಕೇಳುವ ವೈದಿಕರು ಇದ್ದಾರು, ಅವನು ಕೇಳಲಿಲ್ಲ.

ಈ ವರ್ಷದ ಭಾದ್ರಪದದಲ್ಲಿ ಬಂಧುಗಳೆಲ್ಲರ ತರುವಾಯ ಸಖನ ಸ್ಥಾನ ಬಂದಾಗ ಅವನ ಗೋತ್ರವನ್ನೂ ಹೆಸರನ್ನೂ ಹೇಳಿ ಎಳ್ಳುನೀರು ಬಿಟ್ಟೆನು. ಉತ್ತರನೆಂಬ ಹೆಸರಿಗೆ ಆ ಮಂತ್ರದಲ್ಲಿ ಅವಕಾಶವಿಲ್ಲ. ಆದುದರಿಂದ ಅದನ್ನು ಇಲ್ಲಿ ಬರೆದಿದ್ದೇನೆ.