ಆಕಾಶದ ಲೆಕ್ಕ ಯಾರ ಖಾತೆಗೆ?

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುವುದರಿಂದ ತೂಕ ಹೀಗೆ ಮೂರು ಪಟ್ಟಾಗುತ್ತದೆ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಪಿಯುಸಿ ಹುಡುಗರೂ ಲೆಕ್ಕ ಮಾಡಿ ತೋರಿಸಿಯಾರು. ಅದನ್ನು ಯಾರ ಹೆಸರಿಗೆ, ಎಷ್ಟು ವರ್ಷದ ಅವಧಿಗೆ ಬರೆದುಕೊಳ್ಳಬೇಕು ಎಂದು ಕೇಳಿದಾಗ ತಕರಾರು ಶುರು. ಬ್ರಿಟನ್ನಿನ ರೀಡಿಂಗ್, ಮ್ಯಾಂಚೆಸ್ಟರ್ ಮೆಟ್ರೋಪಾಲಿಟನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ವಿಮಾನಗಳಿಂದ ಹವಾಮಾನಕ್ಕಾಗುವ ಪರಿಣಾಮವನ್ನು ಕಂಪ್ಯೂಟರ್ ಮಾದರಿ ಕಟ್ಟಿ ಅಳೆಯುವ ಸಂಶೋಧಕರಿದ್ದಾರೆ. ಅದು ಪೂರ್ತಿ ಭೌತಶಾಸ್ತ್ರದ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ಅದರಲ್ಲಿ ಅರ್ಧ ನೀತಿಶಾಸ್ತ್ರ ಎಂಬುದು ನನ್ನ ವಾದ. ಆ ಅರ್ಧವನ್ನು ಮುಚ್ಚಿಟ್ಟು ಕೊಡುವ ಅಂಕಿ, ಗಣಿತ ಎಷ್ಟೇ ಸರಿಯಿದ್ದರೂ, ದಾರಿ ತಪ್ಪಿಸುತ್ತದೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ ನಿಂತು ಈ ಮಾತಾಡುವುದಕ್ಕೆ ಕಾರಣವಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ತೆರೆದದ್ದು ಹಲಸೂರಿನಾಚೆಗೆ. ಅದೇ ಇಂದಿನ ಎಚ್‌ಎಎಲ್. ನಗರದ ವಿಮಾನ ನಿಲ್ದಾಣವೂ ಅಲ್ಲೇ ಇತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಶುರುವಾಗುವ ತನಕ ದೊಮ್ಮಲೂರು, ಮುರುಗೇಶಪಾಳ್ಯದ ಜನ ನೆತ್ತಿಯ ಮೇಲೆ ವಿಮಾನ ಬಂತೆಂದರೆ ಫೋನಿನಲ್ಲಿ "ಒಂದ್ನಿಮಿಷ ತಡೀರಿ" ಎಂದು ಸುಮ್ಮನಾಗಿ, ಸದ್ದು ಕರಗಿದ ಮೇಲೆ ಮಾತು ಮುಂದುವರಿಸುತ್ತಿದ್ದರು. ಆ ಸದ್ದಿಗೆ ವಿಳಾಸವಿತ್ತು. ಯಾರಿಗೆ ತೊಂದರೆ, ಯಾರಿಂದ ತೊಂದರೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು. ನಿಲ್ದಾಣ ದೂರ ಹೋಯಿತು, ಇವರಿಗೆ ನಿದ್ದೆ ಬಂತು, ಹಾರಾಟ ಮಾತ್ರ ಹಲವು ಪಟ್ಟು ಬೆಳೆದು ಈಗ ವರ್ಷಕ್ಕೆ ಸುಮಾರು 4 ಕೋಟಿ ಪ್ರಯಾಣಿಕರು ದೇವನಹಳ್ಳಿಯಲ್ಲಿ ಹತ್ತಿ ಇಳಿಯುತ್ತಾರೆ. ಇದರಿಂದ ಏರುವ ಬಿಸಿಗೆ ಯಾವ ಬಡಾವಣೆಯ ವಿಳಾಸವೂ ಇಲ್ಲ.

ವಿಳಾಸವಿಲ್ಲದಂತೆ ಮಾಡಿದ್ದು ಕಾನೂನು ಕೂಡ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ವಿಮಾನದ ಹೊಗೆ ಭಾರತದ ಲೆಕ್ಕಕ್ಕೆ ಸೇರುತ್ತದೆ. ಲಂಡನ್ನಿಗೆ ಹೋಗುವುದರದು ಭಾರತದ ಮೊತ್ತಕ್ಕೂ ಸೇರದು, ಬ್ರಿಟನ್ನಿನ ಮೊತ್ತಕ್ಕೂ ಸೇರದು. ವಿಶ್ವಸಂಸ್ಥೆಗೆ ಕೊಡುವ ವರದಿಯಲ್ಲಿ ಅದು ಪ್ರತ್ಯೇಕ ಟಿಪ್ಪಣಿ ಅಷ್ಟೆ. 1997ರ ಕ್ಯೋಟೊ ಒಪ್ಪಂದ ಈ ತಲೆನೋವನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದಾಟಿಸಿತು. ಆ ಸಂಸ್ಥೆ 2016ರಲ್ಲಿ, ಹೆಚ್ಚಿದ ಹೊಗೆಯನ್ನು ಬೇರೆಡೆಯ ಕಡಿತದಿಂದ ಸರಿದೂಗಿಸುವ 'ಕಾರ್ಸಿಯಾ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಭಾರತ ಸೇರುವುದು 2027ರಿಂದ. ಅದೂ ನೋಡಿಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು ಮಾತ್ರ. ಕೆ.ಆರ್. ಪುರದ ಮೂಲಕ ನಿಲ್ದಾಣಕ್ಕೆ ಹೋಗಲಿರುವ ಮೆಟ್ರೊ ನೀಲಿ ಮಾರ್ಗದಿಂದ ಎಷ್ಟು ಟ್ಯಾಕ್ಸಿ ಹೊಗೆ ಉಳಿದೀತು ಎಂದು ನಾವು ಆಸೆಯಿಂದ ಎಣಿಸುತ್ತೇವೆ. ಮೆಟ್ರೊ ಇಳಿದು ಲಂಡನ್ ವಿಮಾನ ಹತ್ತಿದವನ ಮುಂದಿನ ಎಂಟು ಸಾವಿರ ಕಿಲೋಮೀಟರು ಮಾತ್ರ ಯಾರ ಖಾತೆಯಲ್ಲೂ ಇರುವುದಿಲ್ಲ.

ಡೈಆಕ್ಸೈಡನ್ನು ಬಿಟ್ಟರೆ ಇನ್ನೇನಿದೆ? ತುಂಬ ಎತ್ತರದ, ತುಂಬ ತಣ್ಣಗಿನ, ತೇವ ತುಂಬಿದ ಗಾಳಿಯಲ್ಲಿ ಎಂಜಿನ್ನಿನ ಹಬೆ ಮಸಿಯ ಕಣಗಳಿಗೆ ಅಂಟಿ ಹೆಪ್ಪುಗಟ್ಟಿ ಬಿಳಿ ಗೆರೆಯಾಗುತ್ತದೆ. ಕೆಲವು ಗೆರೆ ನಿಮಿಷದಲ್ಲಿ ಮಾಯ. ಕೆಲವು ಗಂಟೆಗಟ್ಟಲೆ ಹರಡಿ ತೆಳು ಮೋಡವಾಗುತ್ತವೆ. ಹಗಲಲ್ಲಿ ಅವು ಒಂದಿಷ್ಟು ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ, ಭೂಮಿಯಿಂದ ಏಳುವ ಕಾವನ್ನು ಹಗಲೂ ರಾತ್ರಿ ತಡೆಯುತ್ತವೆ. ಕೂಡಿ ಕಳೆದರೆ ಭೂಮಿ ಬಿಸಿಯಾಗುವ ಕಡೆಗೇ ತಕ್ಕಡಿ ವಾಲುತ್ತದೆ. ಮ್ಯಾಂಚೆಸ್ಟರಿನ ಡೇವಿಡ್ ಲೀ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮನುಷ್ಯನಿಂದಾದ ಒಟ್ಟು ತಾಪನದಲ್ಲಿ ವಿಮಾನಯಾನದ ಪಾಲು ಸುಮಾರು ಶೇಕಡ 3.5, ಅದರಲ್ಲಿ ಮೂರನೇ ಎರಡು ಭಾಗ ಡೈಆಕ್ಸೈಡ್ ಅಲ್ಲದ ಕಾರಣಗಳಿಂದ ಬಂದದ್ದು.

ವಿಮಾನ ಆ ತೇವದ ಪದರವನ್ನು ತಪ್ಪಿಸಿ ಸ್ವಲ್ಪ ಕೆಳಗೋ ಮೇಲೋ ಹಾರಿದರೆ ಗೆರೆ ಮೂಡದು, ಆದರೆ ಇಂಧನ ತುಸು ಹೆಚ್ಚು ಬೇಕಾಗಬಹುದು. ಗೆರೆ ನಾಳೆಗೆ ಇರುವುದಿಲ್ಲ. ಹೆಚ್ಚುವರಿ ಡೈಆಕ್ಸೈಡಿನ ಒಂದಂಶ ಶತಮಾನಗಳ ಕಾಲ ಇರುತ್ತದೆ. ಯಾವುದು ವಾಸಿ? ಇಪ್ಪತ್ತು ವರ್ಷದ ಅವಧಿಗೆ ನೋಡಿದರೆ ವಿಮಾನಯಾನದ ಒಟ್ಟು ಪರಿಣಾಮ ಅದರ ಡೈಆಕ್ಸೈಡಿನ ನಾಲ್ಕು ಪಟ್ಟು. ನೂರು ವರ್ಷಕ್ಕೆ ನೋಡಿದರೆ 1.7 ಪಟ್ಟು. ಎರಡೂ ಅದೇ ಅಧ್ಯಯನದ ಅಂಕಿಗಳು, ವಿಮಾನಗಳೂ ಅವೇ. ಇಪ್ಪತ್ತೋ ನೂರೋ ಎಂದು ಹೇಳಿಕೊಡುವ ಸಮೀಕರಣ ಭೌತಶಾಸ್ತ್ರದಲ್ಲಿಲ್ಲ. ಇವತ್ತಿನ ಬೇಸಗೆಯಲ್ಲಿ ಬೇಯುವ ರೈತ ಮುಖ್ಯವೋ, ಇನ್ನೂ ಹುಟ್ಟದ ಮೊಮ್ಮಗನ ಮೊಮ್ಮಗ ಮುಖ್ಯವೋ ಎಂದು ಮೊದಲು ತೀರ್ಮಾನಿಸಿದ ಮೇಲೆಯೇ ಆ ಅಂಕಿ ಹುಟ್ಟುತ್ತದೆ. ಕಂಪ್ಯೂಟರ್ ಮುಂದೆ ಕೂತ ಸಂಶೋಧಕ ಅವಧಿಯನ್ನು ಟೈಪ್ ಮಾಡುವ ಹೊತ್ತಿಗೆ ಆ ತೀರ್ಮಾನ ಆಗಿಹೋಗಿರುತ್ತದೆ, ಹೆಚ್ಚಿನ ಸಲ ಯಾರೂ ಚರ್ಚಿಸದೆ.

ಇನ್ನು ತಲಾ ಲೆಕ್ಕ. ಶಿವಾಜಿನಗರದಲ್ಲಿ ಹಜ್, ಉಮ್ರಾ ಪ್ರವಾಸದ ಬೋರ್ಡುಗಳ ಕೆಳಗೆ ಕೂತು ವಿಚಾರಿಸುವವರಲ್ಲಿ ಜೀವಮಾನದ ಉಳಿತಾಯವನ್ನು ಒಂದೇ ಹಾರಾಟಕ್ಕೆ ಕೂಡಿಟ್ಟವರಿರುತ್ತಾರೆ. ಇಂದಿರಾನಗರದಲ್ಲಿ ಸೋಮವಾರ ಮುಂಬೈಗೆ ಹೋಗಿ ಗುರುವಾರ ಬರುವುದೇ ನೌಕರಿಯಾದ ಸಲಹೆಗಾರರಿದ್ದಾರೆ. ಎಚ್‌ಎಎಲ್‌ನ ಹಳೆಯ ರನ್‌ವೇಯಲ್ಲಿ ಇವತ್ತಿಗೂ ಇಳಿಯುವ ಖಾಸಗಿ ಜೆಟ್‌ಗಳಲ್ಲಿ ತಲಾ ಹೊಗೆ ಸಾಮಾನ್ಯ ಸೀಟಿನ ಹಲವು ಪಟ್ಟು. ಮಾದರಿಗೆ ಇವರಲ್ಲಿ ಯಾರದೇ ಆದರೂ ಒಂದು ಕಿಲೋ ಹೊಗೆ ಒಂದೇ, ಹಾಗಿರುವುದೇ ಸರಿ. ಮೋಡ ಯಾತ್ರಿಕನನ್ನೂ ಸಲಹೆಗಾರನನ್ನೂ ಬೇರೆ ಮಾಡಿ ನೋಡದು. ಅಳತೆಯ ಸಮಾನತೆಯನ್ನೇ ಹೊಣೆಯ ಸಮಾನತೆ ಎಂದುಕೊಂಡರೆ ಅನ್ಯಾಯ. ಪ್ರತಿ ಟಿಕೆಟ್ಟಿಗೂ ಒಂದೇ ಹವಾಮಾನ ತೆರಿಗೆ ಹಾಕಿದರೆ ಸಲಹೆಗಾರನ ಕಂಪನಿ ಅದನ್ನು ಖರ್ಚಿನ ಲೆಕ್ಕಕ್ಕೆ ಬರೆಯುತ್ತದೆ, ಯಾತ್ರಿಕ ಇನ್ನೊಂದು ವರ್ಷ ಕಾಯುತ್ತಾನೆ.

ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಎತ್ತಿದ ಆಕ್ಷೇಪ ಇಲ್ಲಿ ನೆನಪಾಗಬೇಕು. ಬಡವರ ಗದ್ದೆಯಿಂದ ಏಳುವ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ಎಂದು ಎಣಿಸಬಾರದು ಎಂದು ಅವರು ಪಾಶ್ಚಾತ್ಯ ದೇಶಗಳಿಗೆ ಹೇಳಿದರು. ನಮ್ಮ ಸರಕಾರಗಳು ಆ ವಾದವನ್ನು ಅಂತಾರಾಷ್ಟ್ರೀಯ ಸಭೆಗಳಲ್ಲಿ ಹೆಮ್ಮೆಯಿಂದ ಬಳಸುತ್ತವೆ. ದೇಶದೊಳಗೆ ಬಂದ ಕೂಡಲೆ ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕುವುದು ಯಾಕೆ? ಭಾರತ ಮತ್ತು ಬ್ರಿಟನ್ ನಡುವೆ ಸರಿಯಾದ ನ್ಯಾಯ ಶಿವಾಜಿನಗರ ಮತ್ತು ಇಂದಿರಾನಗರದ ನಡುವೆಯೂ ಸರಿ.

"ಲೆಕ್ಕವೇ ಇನ್ನೂ ಪಕ್ಕಾ ಇಲ್ಲವಲ್ಲ, ಈಗಲೇ ಯಾಕೆ ಅವಸರ?" ಎನ್ನುವವರಿದ್ದಾರೆ. ಬಿಳಿ ಗೆರೆಗಳ ಅಂದಾಜಿನಲ್ಲಿ ಅನಿಶ್ಚಿತತೆ ಬಹಳ ಎಂಬುದು ನಿಜ. ನಮ್ಮ ಆಕಾಶದ ವಿಷಯದಲ್ಲಂತೂ ಇನ್ನೂ ನಿಜ. ಉಷ್ಣವಲಯದಲ್ಲಿ ಹವೆಯ ಕೆಳಪದರ 16–17 ಕಿಲೋಮೀಟರ್ ಎತ್ತರದವರೆಗೆ ಚಾಚಿದೆ. ವಿಮಾನಗಳು ಹಾರುವ 11 ಕಿಲೋಮೀಟರಿನ ಆಸುಪಾಸು ಯುರೋಪಿನಷ್ಟು ಚಳಿ ಇಲ್ಲಿಲ್ಲ. ಹಾಗಾಗಿ ಅಲ್ಲಿನ ಆಕಾಶದಷ್ಟು ಗೆರೆಗಳು ಬೆಂಗಳೂರಿನ ಮೇಲೆ ಕಾಣವು. ಅಟ್ಲಾಂಟಿಕ್ ಮೇಲಿನ ಸರಾಸರಿಯನ್ನು ತಂದು ನಮ್ಮ ಟಿಕೆಟ್ಟಿಗೆ ಅಂಟಿಸುವುದು ತಪ್ಪು. ಆದರೆ ಇದು ಕೈಕಟ್ಟಿ ಕೂರುವುದಕ್ಕೆ ಕಾರಣವಾಗದು. ಇಲ್ಲಿಯೇ ಒಬ್ಬರು ಕೂತು ಅಳೆಯಬೇಕು ಎನ್ನುವುದಕ್ಕೆ ಕಾರಣ.

ಅದಕ್ಕೆ ಬೇಕಾದ ವಿದ್ಯೆ ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ ಮೊದಲೇ ಇತ್ತು. ಕೋಡಿಹಳ್ಳಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಎನ್‌ಎಎಲ್, 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ರೊದ್ದಂ ನರಸಿಂಹ ಆಗ ನಿರ್ದೇಶಕರು. ವಿಮಾನದ ಸುತ್ತ ಗಾಳಿ ಹರಿಯುವ ರೀತಿಯನ್ನು ಲೆಕ್ಕ ಹಾಕಲು ಹುಟ್ಟಿದ ಆ ಯಂತ್ರದ ಸಂತತಿ ಮುಂದೆ ಮುಂಗಾರಿನ ಲೆಕ್ಕಕ್ಕೂ ದುಡಿಯಿತು. ವಿಮಾನ ಮತ್ತು ಮಳೆ ಒಂದೇ ಸೂರಿನಡಿ ಇದ್ದ ಊರು ಇದು. ಎರಡನೇ ವಿಮಾನ ನಿಲ್ದಾಣ ಕನಕಪುರ ರಸ್ತೆಗೋ ನೆಲಮಂಗಲದ ಕಡೆಗೋ ಎಂದು ಕಚ್ಚಾಡುತ್ತಿರುವ ಇದೇ ಊರಿನಲ್ಲಿ ಹಾರಾಟದ ಹವಾಮಾನ ಲೆಕ್ಕ ಆ ಚರ್ಚೆಯೊಳಗೆ ಕಾಲಿಟ್ಟಂತಿಲ್ಲ.

ಎನ್‌ಎಎಲ್ ಆಗಲಿ, ಭಾರತೀಯ ವಿಜ್ಞಾನ ಸಂಸ್ಥೆಯಾಗಲಿ, ನಗರದ ಯಾವುದಾದರೂ ವಿಶ್ವವಿದ್ಯಾಲಯವಾಗಲಿ ಈ ಲೆಕ್ಕಕ್ಕೊಂದು ಹುದ್ದೆ ತೆರೆಯಲಿ. ಮೂರು ಷರತ್ತು ಹಾಕಲಿ: ಇಪ್ಪತ್ತು ವರ್ಷದ ಅಂಕಿಯನ್ನೂ ನೂರು ವರ್ಷದ ಅಂಕಿಯನ್ನೂ ಜೊತೆಜೊತೆಗೆ ಪ್ರಕಟಿಸಬೇಕು, ಯಾರು ಎಷ್ಟು ಸಲ ಹಾರುತ್ತಾರೆ ಎಂಬುದು ಸರಾಸರಿಯಲ್ಲಿ ಮುಳುಗದಂತೆ ಬಿಡಿಸಿ ತೋರಿಸಬೇಕು, ವರದಿ ಕನ್ನಡದಲ್ಲೂ ಬರಬೇಕು. ರೊದ್ದಂ ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತವಿಜ್ಞಾನವನ್ನು ಕನ್ನಡದಲ್ಲಿ ಬರೆದವರು. ಹಾಗಾಗಿ ಕೊನೆಯ ಷರತ್ತು ಆಗದ ಮಾತು ಎಂದು ಯಾರೂ ಹೇಳುವ ಹಾಗಿಲ್ಲ.