ಬುತ್ತಿಯೂ ದಾರಿಯೂ

ದೂರದ ಪಯಣಕ್ಕೆ ಹೊರಡುವವನು ಬುತ್ತಿಯನ್ನು ಕಟ್ಟಿಕೊಳ್ಳಬೇಕೆಂಬುದು ನಮ್ಮ ಹಿರಿಯರ ನಡವಳಿಕೆ. ಬುತ್ತಿಯಿಲ್ಲದವನು ಹಾದಿಯಲ್ಲಿ ಪರರ ಬಾಗಿಲನ್ನು ತಟ್ಟಬೇಕಾಗುವುದು; ಬುತ್ತಿಯು ಅತಿಯಾದವನು ಹೊರೆಯ ಭಾರದಿಂದ ತಲೆಯೆತ್ತಿ ಹಾದಿಯನ್ನೇ ನೋಡಲಾರನು. ಹಾಗಾದರೆ ಪಯಣಿಗನು ಎಷ್ಟರಮಟ್ಟಿಗೆ ಸಿದ್ಧನಾಗಬೇಕು? ಇದು ಕೇವಲ ಅನುಕೂಲದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿರುವುದೆಂದು ನನಗೆ ಈಚೆಗೆ ಮನವರಿಕೆಯಾಯಿತು.

ನಾನೂ ನನ್ನ ಹಳೆಯ ಮಿತ್ರರೊಬ್ಬರೂ ಕುಟುಂಬಸಮೇತರಾಗಿ ಯುರೋಪು ಖಂಡದಲ್ಲಿ ಐದು ವಾರಗಳ ಮೋಟಾರು ಪ್ರವಾಸವನ್ನು ಕೈಕೊಳ್ಳಬೇಕೆಂದು ಸಂಕಲ್ಪಿಸಿದೆವು. ಭೂಪಟವನ್ನು ಹರಡಿಕೊಂಡು ಕುಳಿತ ಮೊದಲನೆಯ ಸಂಜೆಯೇ ನಮ್ಮೊಳಗೆ ಭಿನ್ನಾಭಿಪ್ರಾಯವು ತಲೆದೋರಿತು. ಪ್ರತಿಯೊಂದು ರಾತ್ರಿಯ ಬಿಡಾರವನ್ನೂ ಪ್ರತಿಯೊಂದು ಹಗಲಿನ ನೋಟಗಳನ್ನೂ ಮುಂಗಡವಾಗಿ ಗೊತ್ತುಮಾಡಬೇಕೆಂಬುದು ನನ್ನ ಪಕ್ಷ. ಅವರಾದರೋ, "ಎಲ್ಲವನ್ನೂ ಇಲ್ಲಿಯೇ ತೀರ್ಮಾನಿಸಿಬಿಟ್ಟರೆ ಅಲ್ಲಿಗೆ ಹೋಗುವುದೇತಕ್ಕೆ? ಹಾದಿಯು ಕರೆದೊಯ್ದಲ್ಲಿಗೆ ಹೋಗೋಣ" ಎಂದರು.

ಅವರ ಪಕ್ಷಕ್ಕೆ ಇತಿಹಾಸದ ಬೆಂಬಲವಿಲ್ಲದಿಲ್ಲ. ಜರ್ಮನ್ ಮಹಾಕವಿ ಗಯಟೆಯು ೧೭೮೬ನೆಯ ಇಸವಿ ಸೆಪ್ಟೆಂಬರ್ ೩ರಂದು ಬೆಳಗಿನ ಮೂರು ಗಂಟೆಗೆ ಕಾರ್ಲ್ಸ್‌ಬಾಡಿನಿಂದ ಗುಟ್ಟಾಗಿ ಹೊರಟು ಇಟಲಿಯ ದಾರಿಯನ್ನು ಹಿಡಿದನು. ೧೮೮೮ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಬೆರ್ತಾ ಬೆಂಜ್ ಎಂಬ ಮಹಿಳೆಯು ತನ್ನ ಪತಿಯು ನಿರ್ಮಿಸಿದ ಮೂರು ಗಾಲಿಯ ಮೋಟಾರನ್ನು ಆತನಿಗೆ ತಿಳಿಸದೆಯೇ ಹೊರಡಿಸಿ, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಸುಮಾರು ೧೦೦ ಕಿಲೋಮೀಟರುಗಳ ದೂರ ಸಾಗಿದಳು. ಮೋಟಾರಿನ ದೂರಪ್ರಯಾಣಕ್ಕೆ ಅದೇ ನಾಂದಿ. ಇಂಧನವನ್ನು ಮಾರುವ ಅಂಗಡಿಗಳು ಆಗ ಎಲ್ಲಿಯೂ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಅದನ್ನು ಕೊಂಡಳು. ಇಂಧನದ ನಳಿಗೆಯು ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳೆಂದೂ, ತಡೆಯ ಮರವು ಸವೆದಾಗ ಮೋಚಿಯವನಿಂದ ಅದಕ್ಕೆ ತೊಗಲನ್ನು ಹೊಡೆಯಿಸಿದಳೆಂದೂ ಹೇಳುವರು.

ಆದರೆ ಇವರಿಬ್ಬರೂ ಸಿದ್ಧತೆಯಿಲ್ಲದೆ ಹೊರಟರೆನ್ನಬಹುದೆ? ಗಯಟೆಯ ತಂದೆಯು ತಾನೇ ಇಟಲಿಯನ್ನು ಕಂಡುಬಂದವನು. ರೋಮಿನ ಚಿತ್ರಗಳು ಆ ಮನೆಯ ಗೋಡೆಯ ಮೇಲಿದ್ದವು. ಮಗನು ಎಳವೆಯಿಂದ ಅವುಗಳನ್ನು ನೋಡುತ್ತಲೇ ಬೆಳೆದನು. ಟೋಪಿಯ ಸೂಜಿಯು ಯಾರ ಬಳಿಯಲ್ಲಾದರೂ ಇದ್ದೀತು; ಅದನ್ನು ಎಲ್ಲಿ ಚುಚ್ಚಬೇಕೆಂಬ ತಿಳಿವು ಯಂತ್ರವನ್ನು ಬಲ್ಲವಳಿಗೆ ಮಾತ್ರ ಉಂಟು. ಅವರು ಬಿಟ್ಟುಹೊರಟದ್ದು ಯೋಜನೆಯನ್ನು, ಸಿದ್ಧತೆಯನ್ನಲ್ಲ. ಇವೆರಡನ್ನೂ ನಾವು ಒಂದೆಂದು ತಿಳಿದು ವಾದಿಸುತ್ತಿದ್ದೆವು.

ಈ ವಿವೇಕವುಂಟಾದ ಮೇಲೆ ನಮ್ಮ ಸಿದ್ಧತೆಯು ಯಾರಿಗಾಗಿ ಎಂಬ ಪ್ರಶ್ನೆಯು ಎದ್ದಿತು. ಪರರಿಗಾಗಿ ಮಾಡಿಕೊಳ್ಳಬೇಕಾದ ಸಿದ್ಧತೆಯೊಂದುಂಟು. ಜರ್ಮನಿ, ಆಸ್ಟ್ರಿಯ ದೇಶಗಳ ಹೆದ್ದಾರಿಗಳಲ್ಲಿ ಬಂಡಿಗಳು ದಟ್ಟೈಸಿ ನಿಲ್ಲುವಂತಾದೊಡನೆ ಎಡತುದಿಯ ಸಾಲಿನವರೆಲ್ಲರೂ ಎಡಕ್ಕೂ ಮಿಕ್ಕವರೆಲ್ಲರೂ ಬಲಕ್ಕೂ ಸರಿದು, ನಡುವೆ ಒಂದು ಓಣಿಯನ್ನು ಬಿಡಬೇಕೆಂಬ ಕಟ್ಟಳೆಯಿದೆ. ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸು ಆ ಓಣಿಯಲ್ಲಿ ಹಾಯುವುದು. ಅದರ ಕೂಗು ಕೇಳಿಸಿದ ಮೇಲೆ ಏನು ಮಾಡಬೇಕೆಂದು ಯೋಚಿಸುವವನು, ಎಷ್ಟೇ ಸಾಧುವಾಗಿರಲಿ, ಒಬ್ಬನ ಪ್ರಾಣಕ್ಕೆ ಅಡ್ಡವಾಗಿ ನಿಂತಂತೆಯೇ. ಫ್ರಾನ್ಸಿಗೂ ಇಟಲಿಗೂ ನಡುವಣ ಮೋಂ ಬ್ಲಾಂ ಸುರಂಗದಲ್ಲಿ ೧೯೯೯ನೆಯ ಇಸವಿ ಮಾರ್ಚ್ ೨೪ರಂದು ಬೆಂಕಿ ಹತ್ತಿ ೩೯ ಮಂದಿ ಮಡಿದರು. ಈಗ ಅಲ್ಲಿ ಚಲಿಸುವ ಬಂಡಿಗಳ ನಡುವೆ ೧೫೦ ಮೀಟರುಗಳ ಅಂತರವಿರಬೇಕು. ನಮ್ಮಂತೆ ಎಡಗಡೆಯಲ್ಲಿ ನಡೆಸಿ ರೂಢಿಯಾದವರು ಅಲ್ಲಿ ಬಲಗಡೆಯಲ್ಲಿ ನಡೆಸಬೇಕು. ಬೇರೆ ಗುರುತಿಲ್ಲದ ಕೂಡುದಾರಿಯಲ್ಲಿ ಬಲದಿಂದ ಬರುವವನಿಗೆ ಮೊದಲು ಎಡೆಗೊಡಬೇಕು. ಪರರ ಬೀದಿಯಲ್ಲಿ ಅಜ್ಞಾನವು ನಿರಪರಾಧವಲ್ಲ. ಈ ಸಿದ್ಧತೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದೆಂಬುದನ್ನು ನನ್ನ ಮಿತ್ರರು ಒಪ್ಪಿಕೊಂಡರು.

ಇನ್ನೊಂದು ಬಗೆಯ ಸಿದ್ಧತೆಯು ನಮ್ಮ ಸುಖವನ್ನು ಬೇಲಿಹಾಕಿ ಕಾಯುವುದಕ್ಕಾಗಿ. ನನ್ನ ಪಟ್ಟಿಯಲ್ಲಿ ಇಂತಹ ದಿನ ಇಂತಹ ಹೊತ್ತಿಗೆ ಇಟಲಿಯ ಸ್ಟೆಲ್ವಿಯೊ ಘಟ್ಟವನ್ನೇರಬೇಕೆಂದು ಬರೆದಿತ್ತು. ಅದು ೨೭೫೭ ಮೀಟರುಗಳ ಎತ್ತರದಲ್ಲಿದೆ. ಚಳಿಗಾಲವಿಡೀ ಹಿಮದಿಂದ ಮುಚ್ಚಿರುವುದು. ಬೆಟ್ಟವು ನನ್ನ ಪಟ್ಟಿಯನ್ನು ಓದುವುದಿಲ್ಲವಷ್ಟೆ! ದಾರಿಯು ತೆರೆಯದಿದ್ದರೆ ಆ ದಿನವೆಲ್ಲ ನಾನು ಮುಖ ಗಂಟಿಕ್ಕಿಕೊಂಡು ಮನೆಯವರ ಸಂತೋಷವನ್ನೂ ಕೆಡಿಸುವೆನೆಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ಆ ಪಟ್ಟಿಯನ್ನು ಹುಟ್ಟಿಸಿದುದು ದೂರದೃಷ್ಟಿಯಲ್ಲ, ಲೋಭ. ಆದರೂ ಒಂದೇ ಕಾರ್ಯವು ಲೋಭವೂ ಆಗಬಹುದು, ಕರ್ತವ್ಯವೂ ಆಗಬಹುದು. ನಮ್ಮೊಡನೆ ವಯಸ್ಸಾದ ನನ್ನ ತಾಯಿಯವರೂ ಬರುವರು. ಕತ್ತಲಾದ ಮೇಲೆ ಅವರನ್ನು ಬಂಡಿಯಲ್ಲಿ ಕೂರಿಸಿಕೊಂಡು ಬಿಡಾರವನ್ನು ಹುಡುಕುವುದು ಸಾಹಸವಲ್ಲ, ನಿರ್ದಯೆ. ಹೀಗೆಂದಾಗ ಮಿತ್ರರು ಮರುಮಾತಾಡಲಿಲ್ಲ.

ನಿಜವಾದ ಇಕ್ಕಟ್ಟು ಬಂದುದು ವೀಸಾದ ಅರ್ಜಿಯಲ್ಲಿ. ೧೯೮೫ನೆಯ ಇಸವಿ ಜೂನ್ ೧೪ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಸಣ್ಣ ಊರಿನ ಬಳಿ, ಮೋಸೆಲ್ ನದಿಯ ಮೇಲಣ ಹಡಗೊಂದರಲ್ಲಿ, ಐದು ದೇಶಗಳು ಗಡಿಯ ತಪಾಸಣೆಯನ್ನು ಕ್ರಮೇಣ ತೆಗೆಯುವುದಾಗಿ ಒಪ್ಪಂದ ಮಾಡಿಕೊಂಡವು. ೧೯೯೫ನೆಯ ಇಸವಿಯಲ್ಲಿ ಅದು ಜಾರಿಗೆ ಬಂದು, ಈಗ ೨೯ ದೇಶಗಳು ಅದರಲ್ಲಿ ಸೇರಿವೆ. ಅಲ್ಲಿಯ ಪ್ರಜೆಗೆ ಇಂದು ಗಡಿಯೆಂಬುದು ಬಹುಮಟ್ಟಿಗೆ ದಾರಿಬದಿಯ ಒಂದು ಫಲಕ. ನಮಗಾದರೋ ಎಲ್ಲಿ ತಂಗುವೆವು, ಹೇಗೆ ಸಾಗುವೆವು ಎಂಬುದಕ್ಕೆ ಕಾಗದಪತ್ರಗಳು ಬೇಕು. ೩೦,೦೦೦ ಯೂರೋಗಳಿಗೆ ಕಡಮೆಯಿಲ್ಲದ ವಿಮೆ ಬೇಕು. ಯಾವ ದೇಶದಲ್ಲಿ ಹೆಚ್ಚು ದಿನವಿರುವೆವೋ ಆ ದೇಶಕ್ಕೇ ಅರ್ಜಿಯನ್ನು ಸಲ್ಲಿಸಬೇಕು. ಹಾದಿಯು ಕರೆದಲ್ಲಿಗೆ ಹೋಗುವ ಸ್ವಾತಂತ್ರ್ಯವು ಎಲ್ಲರಿಗೂ ಸಮನಾಗಿ ಹಂಚಲ್ಪಟ್ಟಿಲ್ಲ.

ಆಗ ಮಿತ್ರರು, "ಹಣ ಹಿಂದಿರುಗುವಂತಹ ಕೋಣೆಗಳನ್ನು ಗೊತ್ತುಮಾಡಿ ಕಾಗದವನ್ನು ತೋರಿಸೋಣ, ವೀಸಾ ಬಂದ ಮರುದಿನವೇ ರದ್ದುಮಾಡೋಣ. ಎಲ್ಲರೂ ಹೀಗೆಯೇ ಮಾಡುವರು. ನಿಯಮವೇ ಪಕ್ಷಪಾತದ್ದಾಗಿರುವಾಗ ನಮ್ಮ ಸುಳ್ಳಿಗೆ ದೋಷವೆಲ್ಲಿಯದು?" ಎಂದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿಯಮದ ಭಾರವು ಅಸಮವಾಗಿರುವುದು ದಿಟ. ಅಲ್ಲದೆ, ಪ್ರಾಮಾಣಿಕವಾಗಿ ಗೊತ್ತುಮಾಡಿದ ಏರ್ಪಾಡು ಕಾರಣಾಂತರದಿಂದ ಬದಲಾದರೆ ಅದು ಸುಳ್ಳೂ ಅಲ್ಲ. ಆದರೆ ನಡೆಸುವ ಉದ್ದೇಶವೇ ಇಲ್ಲದ ಏರ್ಪಾಡನ್ನು ನಡೆಸುವೆವೆಂದು ಬರೆದು ರುಜುಹಾಕುವುದು ಸುಳ್ಳೇ. ಆ ಸುಳ್ಳಿನ ಭಾರವು ನಿಯಮವನ್ನು ಮಾಡಿದವರ ಮೇಲೆ ಬೀಳುವುದಿಲ್ಲ. ನಮಗಾಗಿ ಕೋಣೆಯನ್ನು ಕಾದಿರಿಸಿ ಬೇರೆ ಅತಿಥಿಯನ್ನು ಹಿಂದಕ್ಕೆ ಕಳುಹಿದ ಬಡ ಛತ್ರದವನ ಮೇಲೆ ಬೀಳುವುದು. ಮಗಳ ಬಾಣಂತನಕ್ಕೆಂದು ನಿಜವಾದ ಕಾಗದಗಳನ್ನು ಹಿಡಿದು ನಾಳೆ ಅದೇ ಕಿಟಕಿಯ ಮುಂದೆ ನಿಲ್ಲುವ ನಮ್ಮ ನಾಡಿನ ತಾಯಿಯ ಮೇಲೆ ಬೀಳುವುದು. ಅನ್ಯಾಯದ ನಿಯಮವನ್ನು ಎದುರಿಸುವ ವೀರ್ಯವು ಇದರಲ್ಲಿಲ್ಲ. ಅದರ ಹೊರೆಯನ್ನು ಹಿಂದಿನವರ ಹೆಗಲಿಗೆ ದಾಟಿಸುವ ಜಾಣ್ಮೆಯು ಮಾತ್ರ ಇದೆ.

ಈ ಮಾತಿನಿಂದ ಮಿತ್ರರು ಎರಡು ದಿನ ನಮ್ಮ ಮನೆಯತ್ತ ಬರಲಿಲ್ಲ. ಮೂರನೆಯ ದಿನ ಬಂದು, "ರಾತ್ರಿಗಳೆಲ್ಲ ನಿಮ್ಮವಾಗಲಿ, ಹಗಲುಗಳನ್ನು ನನಗೆ ಬಿಟ್ಟುಕೊಡಿ" ಎಂದರು. ಒಪ್ಪಿದೆನು. ಐದು ವಾರಗಳಿಗೆ ನಾಲ್ಕೇ ಬಿಡಾರಗಳು. ಹೆಚ್ಚಿನ ದಿನಗಳು ಆಸ್ಟ್ರಿಯದಲ್ಲಿ. ಅರ್ಜಿಯೂ ಆ ದೇಶಕ್ಕೇ. ಪ್ರತಿದಿನ ಬೆಳಗ್ಗೆ ಎದ್ದು, ಮೋಡವನ್ನೂ ತಾಯಿಯವರ ಮುಖವನ್ನೂ ನೋಡಿ, ಎತ್ತ ಹೋಗುವುದೆಂದು ನಿರ್ಣಯಿಸುವುದು. ನನ್ನ ನೋಟಗಳ ಪಟ್ಟಿಯನ್ನು ನಾನೇ ಹರಿದುಹಾಕಿದೆನು. ಹರಿಯುವಾಗ ಕೈ ಸ್ವಲ್ಪ ನಡುಗಿತೆಂಬುದನ್ನು ವಾಚಕರಿಂದ ಮರೆಮಾಚಲಾರೆನು.

ಪರರಿಗೆ ಸಲ್ಲಬೇಕಾದುದನ್ನು ಪೂರ್ಣವಾಗಿ ಕಟ್ಟಿಕೊಂಡು, ತನಗೆ ಬೇಕಾದುದನ್ನು ಅರ್ಧಕ್ಕೆ ಬಿಟ್ಟು ಹೊರಡುವುದೇ ಪಯಣಿಗನ ಧರ್ಮವೆಂದು ಈಗ ನನಗೆ ತೋರುತ್ತದೆ. ನಮ್ಮ ಹಿರಿಯರ ಬುತ್ತಿಯಲ್ಲಿ ಹಾದಿಯಲ್ಲಿ ಸಿಕ್ಕವನಿಗೆಂದು ಒಂದು ತುತ್ತು ಹೆಚ್ಚಾಗಿಯೇ ಇರುತ್ತಿತ್ತು. ಆದರೆ ಯಾವ ಮರದ ನೆರಳಿನಲ್ಲಿ ಅದನ್ನು ಬಿಚ್ಚಬೇಕೆಂಬುದನ್ನು ಅವರು ಮನೆಯಲ್ಲಿಯೇ ಗೊತ್ತುಮಾಡಿಕೊಂಡು ಹೊರಡುತ್ತಿರಲಿಲ್ಲ.